ಏಳು ನೀರಿನ ಕಾಳು

ಕಿನುವಾ ತೊಳೆಯುವುದೆಂದರೆ ಸುಮ್ಮನೆ ಮಾತಲ್ಲ.
ಮೊದಲ ನೀರಿಗೆ ಅಂಟುವಾಳದ ಹಾಗೆ ನೊರೆ,
ಎರಡಕ್ಕೂ ನೊರೆ, ಮೂರಕ್ಕೂ.
ನಾಲ್ಕರ ಹೊತ್ತಿಗೆ ಬೆರಳು ನನ್ನವಲ್ಲ,
ಅಷ್ಟು ಕೊರೆಯುತ್ತದೆ ಈ ಪೂನೊ ಬಯಲಿನ ಜೂನ್.
ಏಳನೆಯ ನೀರು ಕಣ್ಣೀರಷ್ಟು ತಿಳಿ.
ಆಗ ಕಹಿ ಬಿಟ್ಟಿತೆಂದು ಲೆಕ್ಕ.

ಅಷ್ಟೆಲ್ಲ ಆದಮೇಲೆ
ಬಟ್ಟಲನ್ನು ಮೊಣಕೈಯಿಂದ ಆಚೆ ತಳ್ಳಿ
ಬಾಯಿಗೆ ಬೀಗ ಹಾಕಿ ಕೂತಿದ್ದೀಯಲ್ಲ, ಉರ್ಪಿ!
ನಿನ್ನ ಹೆಸರಿಗೆ ನಮ್ಮ ಮಾತಲ್ಲಿ ಪಾರಿವಾಳ ಅಂತ ಅರ್ಥ.
ಕಾಳು ಬೇಡವೆನ್ನುವ ಪಾರಿವಾಳವನ್ನು
ಐವತ್ತೆರಡು ವರ್ಷದಲ್ಲಿ ನಾನು ಕಂಡದ್ದು
ಇದೊಂದೇ.

ಬುಧವಾರ ನರ್ಸ್ ನೆಲಿದಾ ಬಂದು
ನಿನ್ನ ಬೆರಳು ಚುಚ್ಚಿ ಒಂದು ಹನಿ ಹಿಡಿದಳು.
ಕೆಳರೆಪ್ಪೆ ಮಗುಚಿ ನನಗೂ ತೋರಿಸಿದಳು:
ಕೆಂಪಿರಬೇಕಾದಲ್ಲಿ
ಸಿಪ್ಪೆ ಸುಲಿದ ಆಲೂಗಡ್ಡೆಯ ಬಿಳಿ.
'ಈಲಿ ಕೊಡಿ, ಅವರೆ ಕೊಡಿ, ಸೊಪ್ಪು ಕೊಡಿ'
ಎಂದು ಚೀಟಿ ಬರೆದಿಟ್ಟು ಬೈಕು ಹತ್ತಿ ಹೋದಳು.
ಚೀಟಿಗೇನು, ಬಾಯಿ ತೆರೆಸುವ ಕೆಲಸವಿಲ್ಲ.

ತಂತ್ರಗಳನ್ನೆಲ್ಲ ಮಾಡಿದೆ.
ಕುರಿಯ ಈಲಿ ಅರೆದು ಸಾರಿನಲ್ಲಿ ಅಡಗಿಸಿದೆ;
ನಿನ್ನ ಮೂಗು ಗಡಿಯ ಕಸ್ಟಮ್ಸ್ ಕಚೇರಿ.
ಚಮಚವನ್ನು ಕಾಂಡೋರ್ ಹಕ್ಕಿ ಮಾಡಿ ಹಾರಿಸಿದೆ,
ಅದು ನಿನ್ನ ಗಲ್ಲದ ಬೆಟ್ಟಕ್ಕೆ ಬಡಿದು ಬಿತ್ತು.
ತಿಂದರೆ ಎದಿಲ್ಬೆರ್ಟೊಗಿಂತ ಜೋರಾಗಿ ಓಡುತ್ತೀಯ ಎಂದರೆ
'ಅವನು ತಿನ್ನದೇನೇ ಓಡ್ತಾನೆ.'
ನಿಜ.
ಕಡೆಗೊಂದು ದಿನ ಬಟ್ಟಲು ಖಾಲಿ! ಹಿಗ್ಗಿದ್ದೇ ಹಿಗ್ಗು.
ಆಮೇಲೆ ನೋಡಿದರೆ ಒಲೆಬದಿಯ ಗಿನಿಯಿಲಿಗಳ ಮೀಸೆಯಲ್ಲಿ ಗಂಜಿ.
ಅವೇನೋ ದುಂಡಗಾಗಿವೆ.

ನಿನಗೆ ಬೇಕಾದ್ದು ಪೊಟ್ಟಣದ ನೂಡಲ್ಸ್, ನನಗೆ ಗೊತ್ತು.
ಬೈಯಲಾರೆ.
ನಾನು ಚಿಕ್ಕವಳಿದ್ದಾಗ ಪಟ್ಟಣದ ಶಾಲೆಯಲ್ಲಿ
ಬುತ್ತಿ ಬಿಚ್ಚಿದರೆ ನಗುತ್ತಿದ್ದರು:
'ಬೆಟ್ಟದವರ ಕಾಳು, ಕೋಳಿಗೆ ಹಾಕೋದು.'
ಮೇಜಿನ ಕೆಳಗಿಟ್ಟು ತಿಂದೆ ಕೆಲವು ದಿನ,
ಆಮೇಲೆ ತಿನ್ನುವುದನ್ನೇ ಬಿಟ್ಟೆ.
ಮುಂದೊಂದು ವರ್ಷ ಲಾರಿಗಳು ಬಂದವು,
ಎಲ್ಲೋ ದೂರದ ಊರುಗಳಿಗೆ ಇದೇ ಕಾಳು ಬೇಕಂತೆ,
ಕೇಳಿದಷ್ಟು ಬೆಲೆಯಂತೆ.
ಮೂಟೆ ಹೊಲಿದು ಹಾಕಿದೆವು, ನಿನ್ನ ತಾತನೂ, ನಾನೂ.
ಬಂದ ದುಡ್ಡಲ್ಲಿ ಮಕ್ಕಳಿಗೆ ನೂಡಲ್ಸ್ ತಂದೆವು.
ಇವತ್ತು ನಿನ್ನ ಮುಂದೆ ನಿಂತು
ರಕ್ತ, ಶಕ್ತಿ ಎಂದು ಭಾಷಣ ಬಿಗಿಯುವ ಬಾಯಿ
ಅದೇ.

ಗಂಟೆ ಎರಡಾಯಿತು. ಉಳಿದವರೆಲ್ಲ ಅಂಗಳದಲ್ಲಿ.
ನೀನು, ನಾನು, ಕೆನೆಗಟ್ಟಿದ ಬಟ್ಟಲು.
ತಲೆ ಎತ್ತದೆ ಕೇಳಿದೆ ನೀನು:
'ಅಷ್ಟು ಒಳ್ಳೇದಾದ್ರೆ ನೀನ್ಯಾಕೆ ತಿನ್ನಲ್ಲ?'

ಇಪ್ಪತ್ತು ಮಕ್ಕಳಿಗೆ ಬಡಿಸುವವಳು
ನಿಂತೇ ಇರುತ್ತಾಳೆ, ಕೈಯಲ್ಲಿ ಸೌಟು.
ನಾನು ಉಣ್ಣುವುದು ಪಾತ್ರೆ ತೊಳೆದಾದ ಮೇಲೆ,
ಗೋಡೆಗೆ ಮುಖ ಮಾಡಿ,
ಒಣ ರೊಟ್ಟಿ, ಸಕ್ಕರೆ ಸುರಿದ ಚಹಾ.
ನಿಮ್ಮಲ್ಲಿ ಯಾರೂ ಅದನ್ನು ನೋಡಿಲ್ಲ.

ನಿನ್ನ ಪುಟ್ಟ ಬೆಂಚಿನ ಮೇಲೆ ಕೂತೆ; ಮೊಣಕಾಲು ಎದೆಗೆ ಬಂತು.
ಒಂದು ಚಮಚ ತುಂಬಿ ಬಾಯಿಗಿಟ್ಟೆ.
ಉಪ್ಪು ನೋಡಲು ನಾಲಗೆ ತುದಿಗೆ ಮುಟ್ಟಿಸಿದ್ದು ಬಿಟ್ಟರೆ
ನಲವತ್ತು ವರ್ಷವಾಗಿತ್ತು.
ಕಾಳು ಹಲ್ಲಿಗೆ ಸಿಕ್ಕಿ ಚಿಟ್ಟೆಂದಿತು,
ಅಮ್ಮನ ಒಲೆಯ ಹೊಗೆ ಎಲ್ಲಿತ್ತೋ, ಬಂತು.
ಇನ್ನೊಂದು ಚಮಚ. ಮತ್ತೊಂದು.
ನೀನಿರುವುದೇ ಮರೆತುಹೋಗಿತ್ತು, ಆಣೆಗೂ.

'ಅದು ನಂದು!'
ಎರಡೂ ಕೈಯಿಂದ ಬಟ್ಟಲು ಎಳೆದುಕೊಂಡೆ.

ಮೂರು ಚಮಚ ತಿಂದೆ, ಎಣಿಸಿದ್ದೇನೆ.
ನಾಲ್ಕನೆಯದು ಗಿನಿಯಿಲಿಗೆ ಹೋಯಿತು.
ಇರಲಿ, ಇದು ಮೊದಲ ನೀರು.
ನಾಳೆ ಬೆಳಿಗ್ಗೆ ಮತ್ತೆ ಬಕೆಟ್ಟು ಇಡುತ್ತೇನೆ,
ಮೇಜಿನ ಮೇಲೆ ಎರಡು ಬಟ್ಟಲು.